ಪಬ್ಲಿಕ್ ಸ್ಕೂಲಿನ ಪ್ರಿಸ್ಕೂಲ್‌ಗೂ ಫೀಸು ಯಾಕೆ?

ಪ್ರಶ್ನೆ: ನಾವಿರುವುದು ಮ್ಯಾಸಚೂಸೆಟ್ಸ್‌ನಲ್ಲಿ, ಬಾಸ್ಟನ್ ಹತ್ತಿರದ ಒಂದು ಟೌನ್‌ನಲ್ಲಿ. ಮಗಳಿಗೆ ಸೆಪ್ಟೆಂಬರಿಗೆ ನಾಲ್ಕು ತುಂಬುತ್ತದೆ. ಪಬ್ಲಿಕ್ ಸ್ಕೂಲಿನ, ಅಂದರೆ ಇಲ್ಲಿನ ಸರ್ಕಾರಿ ಶಾಲೆಯ, ಪ್ರಿಸ್ಕೂಲ್‌ಗೆ ಸೇರಿಸಲು ಹೋದರೆ ತಿಂಗಳು ತಿಂಗಳು ಫೀಸು ಕೇಳುತ್ತಾರೆ. ಅದೇ ತರಗತಿಯ ಕೆಲವು ಮಕ್ಕಳಿಗೆ ಫೀಸೇ ಇಲ್ಲವಂತೆ. ರಾಜ್ಯ ಸರ್ಕಾರ ಕೊಡುತ್ತದೆ ಎನ್ನುವ ಹಣ ನಮಗೆ ಸಿಗುವುದಿಲ್ಲವೇ?

ಉತ್ತರ: ಸದ್ಯಕ್ಕೆ ಅದನ್ನು ನೆಚ್ಚಿಕೊಳ್ಳಬೇಡಿ. ಆ ಹಣ ಪೋಷಕರ ಕೈಗೆ ಬರುವುದಿಲ್ಲ. ಅರ್ಜಿ ಹಾಕಿ ಗೆದ್ದ ಶಾಲಾ ಡಿಸ್ಟ್ರಿಕ್ಟ್‌ಗೆ (ಊರಿನ ಪಬ್ಲಿಕ್ ಸ್ಕೂಲುಗಳನ್ನು ನಡೆಸುವ ಆಡಳಿತ) ಹೋಗುತ್ತದೆ. ಮೊದಲ ಪಾಲು ವೂಸ್ಟರ್, ಲೋವೆಲ್‌ನಂಥ, ವರಮಾನ ಕಡಿಮೆಯಿರುವ ನಗರಗಳಿಗೆ. ಇಂಥ 26 'ಗೇಟ್‌ವೇ' ನಗರಗಳಲ್ಲಿ 2026ರ ಕೊನೆಯೊಳಗೆ ನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಪ್ರಿಸ್ಕೂಲ್ ಸಿಗಬೇಕೆಂಬುದು ಗವರ್ನರ್ ಮೋರಾ ಹೀಲಿ ಇಟ್ಟುಕೊಂಡ ಗುರಿ. ಇದಕ್ಕೆ ಒಂದಷ್ಟು ದುಡ್ಡು ಬರುವುದು 2022ರಲ್ಲಿ ಮತದಾರರು ಒಪ್ಪಿದ ತೆರಿಗೆಯಿಂದ: ಹತ್ತು ಲಕ್ಷ ಡಾಲರ್ ಮೀರಿದ ವರಮಾನದ ಮೇಲೆ ಹೆಚ್ಚುವರಿ 4%. ಬಡ ಊರಿಗೆ ಮೊದಲು ಎನ್ನುವುದು ನನಗಂತೂ ಸರಿಯಾಗೇ ಕಾಣುತ್ತದೆ, ನಿಮಗೆ ಕಹಿಯಾದರೂ.

ಹಾಗಾದರೆ ನಿಮ್ಮ ಟೌನ್ ತಾನೇ ಭರಿಸಬಾರದೇ? ರಾಜ್ಯದ ಶಾಲಾ ಅನುದಾನದ ಲೆಕ್ಕದಲ್ಲಿ ಪ್ರಿಸ್ಕೂಲ್ ಮಗು ಅರ್ಧ ಮಗು. ಮಿಕ್ಕಿದ್ದನ್ನು ಮನೆ ತೆರಿಗೆಯಿಂದ ತುಂಬಿಸೋಣವೆಂದರೆ 1980ರ ಕಾನೂನು ಅಡ್ಡ ಬರುತ್ತದೆ: ಹೊಸ ಕಟ್ಟಡಗಳ ತೆರಿಗೆ ಬಿಟ್ಟರೆ, ಮತದಾರರ ಒಪ್ಪಿಗೆಯಿಲ್ಲದೆ ಊರಿನ ಒಟ್ಟು ತೆರಿಗೆಯನ್ನು ವರ್ಷಕ್ಕೆ 2.5%ಗಿಂತ ಹೆಚ್ಚು ಏರಿಸುವಂತಿಲ್ಲ. ಹೀಗಾಗಿ ಕೊರತೆ ಪೋಷಕರ ತಲೆಗೆ.

ಫೀಸಿಲ್ಲದ ಮಕ್ಕಳ ವಿಷಯ ಬೇರೆ. ವಿಶೇಷ ಶಿಕ್ಷಣ ಬೇಕಾದ ಮಗುವಿಗೆ ಮೂರು ತುಂಬಿದ ದಿನದಿಂದ ಉಚಿತವಾಗಿ ಕಲಿಸುವುದು ಫೆಡರಲ್ ಕಾನೂನಿನ ಪ್ರಕಾರ ಶಾಲೆಯ ಹೊಣೆ. 20 ಮಕ್ಕಳ ತರಗತಿಯಲ್ಲಿ ಅಂಥವರು ಐದಕ್ಕಿಂತ ಹೆಚ್ಚಿರಬಾರದು. ಉಳಿದ ಸೀಟುಗಳನ್ನು ಫೀಸು ಕೊಡುವ ಮಕ್ಕಳಿಂದ ತುಂಬುತ್ತಾರೆ. ನಿಮ್ಮ ಮಗಳು ಆ ಗುಂಪಿನವಳು. ಅವಳ ಬೆಳವಣಿಗೆಯ ಬಗ್ಗೆ ನಿಜವಾಗಿ ಅನುಮಾನವಿದ್ದರೆ ಡಿಸ್ಟ್ರಿಕ್ಟ್‌ಗೆ ಪತ್ರ ಬರೆಯಿರಿ, ಪರೀಕ್ಷೆ ಉಚಿತ. ಮನೆಯಲ್ಲಿ ಕನ್ನಡ ಆಡುವ ಮಗು ಇಂಗ್ಲಿಷಿನಲ್ಲಿ ತಡವರಿಸುವುದು ಮಾತ್ರ ಅನುಮಾನಕ್ಕೆ ಕಾರಣವಲ್ಲ.

ಈಗ ಮಾಡಬಹುದಾದದ್ದು: ವರಮಾನ ನೋಡಿ ಫೀಸು ಇಳಿಸುವ ಪದ್ಧತಿ ಕೆಲವು ಟೌನ್‌ಗಳಲ್ಲಿದೆ, ಆಫೀಸಿನಲ್ಲಿ ಕೇಳಿ. ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಕಂಪನಿಯ ಡಿಪೆಂಡೆಂಟ್ ಕೇರ್ ಎಫ್‌ಎಸ್‌ಎ ಬಳಸಿ: ಮಕ್ಕಳ ಆರೈಕೆಯ ಖರ್ಚಿಗೆಂದು ಸಂಬಳದಿಂದ ತೆರಿಗೆಗೆ ಮುಂಚೆಯೇ ಹಣ ಎತ್ತಿಡುವ ಖಾತೆ ಅದು. ಪ್ರಿಸ್ಕೂಲ್ ಫೀಸು ಅದಕ್ಕೆ ಸಲ್ಲುತ್ತದೆ. 2026ರಿಂದ ಅದರ ವರ್ಷದ ಮಿತಿ 5,000ದಿಂದ 7,500 ಡಾಲರ್‌ಗೆ ಏರಿದೆ. ಊರಿನ ಶಾಲೆಗಳ ಮೇಲ್ವಿಚಾರಣೆ ಮಾಡುವ ಸ್ಕೂಲ್ ಕಮಿಟಿಯ ಸಭೆಗೂ ಒಮ್ಮೆ ಹೋಗಿ, ರಾಜ್ಯದ ಪ್ರಿಸ್ಕೂಲ್ ಗ್ರಾಂಟ್‌ಗೆ ನಮ್ಮ ಟೌನ್ ಅರ್ಜಿ ಹಾಕಿದೆಯೇ ಎಂದು ಕೇಳಿ. ಎಷ್ಟೋ ಕಡೆ ಆ ಪ್ರಶ್ನೆಯನ್ನು ಯಾರೂ ಕೇಳಿರುವುದೇ ಇಲ್ಲ.