ತಾಮ್ರದ ಮೇಲೆ ಸ್ಯೂಡೊಮೊನಾಸ್ ನಿಲ್ಲುತ್ತದೆಯೇ?

ಪ್ರಶ್ನೆ: ದಾಳಿಂಬೆಗೆ ದುಂಡಾಣು ಅಂಗಮಾರಿ ಬರಬಾರದೆಂದು ಶೇ. 1ರ ಬೋರ್ಡೋ (ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಮತ್ತು ಸುಣ್ಣದ ದ್ರಾವಣ) ಹೊಡೆದು, ಮೂರನೇ ದಿನ ಸ್ಯೂಡೊಮೊನಾಸ್ (ರೋಗಾಣು ತಡೆಯುವ ಮಿತ್ರ ಬ್ಯಾಕ್ಟೀರಿಯಾದ ಪುಡಿ) ಸಿಂಪಡಿಸಿದೆ. ಏನೂ ಉಪಯೋಗ ಕಾಣಲಿಲ್ಲ. ಪುಡಿಯೇ ಕಳಪೆಯೇ?
— ಓದುಗರು, ಹುನಗುಂದ

ಉತ್ತರ: ಪುಡಿಯನ್ನು ದೂರುವ ಮೊದಲು ಎಲೆ ನೋಡಿ. ನೀಲಿ ಲೇಪ ಇನ್ನೂ ಇದ್ದರೆ ಕಾರಣ ಅಲ್ಲೇ ಇದೆ. ಎಲೆ ಒದ್ದೆಯಾದಾಗಲೆಲ್ಲ ಆ ಲೇಪದಿಂದ ತಾಮ್ರದ ಅಯಾನುಗಳು ಸ್ವಲ್ಪ ಸ್ವಲ್ಪವೇ ಬಿಡುಗಡೆಯಾಗುತ್ತವೆ. ನೀವು ಹೊಡೆದ ಸ್ಯೂಡೊಮೊನಾಸ್ ದ್ರಾವಣದ ನೀರೂ ಅದೇ ಕೆಲಸ ಮಾಡಿತು. ತಾಮ್ರಕ್ಕೆ ರೋಗಾಣು, ಮಿತ್ರಾಣು ಎಂಬ ಭೇದವಿಲ್ಲ. ಎಲೆಯ ಮೇಲೆ ಮೊದಲೇ ನೆಲೆಸಿ, ಜಾಗ ಮತ್ತು ಆಹಾರಕ್ಕೆ ರೋಗಾಣುವಿನೊಡನೆ ಪೈಪೋಟಿ ನಡೆಸುವ ಬ್ಯಾಕ್ಟೀರಿಯಾ, ಯೀಸ್ಟ್‌ಗಳೂ ಇದರಿಂದ ಕುಗ್ಗುತ್ತವೆ.

ಎಲ್ಲ ಶಿಲೀಂಧ್ರನಾಶಕಗಳೂ ಹೀಗಲ್ಲ. ಕಾರ್ಬೆಂಡಾಜಿಮ್ ಶಿಲೀಂಧ್ರದ ಕೋಶವಿಭಜನೆಯನ್ನು ತಡೆಯುತ್ತದೆ. ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ಆದ್ದರಿಂದ ಬಹುಮಟ್ಟಿಗೆ ಉಳಿಯುತ್ತದೆ, ಟ್ರೈಕೊಡರ್ಮಾ ಎಂಬ ಮಿತ್ರ ಶಿಲೀಂಧ್ರ ಸಾಯುತ್ತದೆ. ಮ್ಯಾಂಕೊಜೆಬ್ ಹಲವು ಕಿಣ್ವಗಳನ್ನು ಒಮ್ಮೆಗೇ ಕೆಡಿಸುವುದರಿಂದ ಯೀಸ್ಟ್‌ಗಳಿಗೂ ಪೆಟ್ಟು.

ಬೋರ್ಡೋ ನಂತರ 10–15 ದಿನ ಬಿಡಿ. ಮಳೆಯಿಲ್ಲದೆ ಲೇಪ ಗಟ್ಟಿಯಾಗಿದ್ದರೆ ಹೊಸ ಚಿಗುರಿಗಾಗಿ ಕಾಯುವುದೇ ಲೇಸು. ಲೀಟರಿಗೆ 10 ಗ್ರಾಂ ಪುಡಿ ಕಲಸಿ, ಸೋಸಿ, ಸಂಜೆ ಹೊಡೆಯಿರಿ. ಡ್ರಮ್ಮು, ಪೈಪು, ನಾಝಲ್‌ಗಳನ್ನು ಮೊದಲು ಚೆನ್ನಾಗಿ ತೊಳೆಯಿರಿ. ಹಲವರು ಎಡವುವುದು ಇಲ್ಲೇ. ಸ್ಟ್ರೆಪ್ಟೊಸೈಕ್ಲಿನ್ ಜೊತೆಗಂತೂ ಬೆರೆಸಲೇಬೇಡಿ, ಅದು ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ. ಅಂಗಮಾರಿ ಚುಕ್ಕೆಗಳು ಈಗಾಗಲೇ ಹಬ್ಬುತ್ತಿದ್ದರೆ ಮಾತ್ರ ಮಿತ್ರಾಣುವಿನ ಆಸೆ ಸದ್ಯಕ್ಕೆ ಬಿಟ್ಟು, ರೋಗದ ರೆಂಬೆ ಕತ್ತರಿಸಿ ಸುಟ್ಟು, ತಾಮ್ರವನ್ನೇ ಮುಂದುವರಿಸಿ.