ಫ್ಲಮೆಂಕೊ ಗಿಟಾರ್‌ಗೆ ತಂತಿ ಎಷ್ಟು ಎತ್ತರ ಇರಬೇಕು?

ಪ್ರಶ್ನೆ: ಇದುವರೆಗೆ ಕ್ಲಾಸಿಕಲ್ ಗಿಟಾರ್ ಮಾತ್ರ ಕಟ್ಟಿದ್ದೇನೆ. ಈಗ ಸ್ಪೇನಿನ ಫ್ಲಮೆಂಕೊ ಸಂಗೀತದ ಗಿಟಾರ್‌ಗೆ ಕೈ ಹಾಕಿದ್ದೇನೆ. 12ನೇ ಫ್ರೆಟ್ (ನೆಕ್ ಮೇಲೆ ಅಡ್ಡಕ್ಕೆ ಕೂರಿಸುವ ಲೋಹದ ಪಟ್ಟಿ) ಮೇಲೆ ತಂತಿ ಎಷ್ಟು ಎತ್ತರ ಇರಬೇಕು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೊನೆಗೆ ಸ್ಯಾಡಲ್ (ತಂತಿಯ ಕೆಳತುದಿಗೆ ಆಸರೆ ಕೊಡುವ ಸಣ್ಣ ಪಟ್ಟಿ) ಉಜ್ಜಿ ಇಳಿಸಿಕೊಂಡರೆ ಆಯ್ತು, ಅಲ್ವಾ?

ಉತ್ತರ: ಅಷ್ಟು ಸುಲಭವಾಗಿ ಆಗಲ್ಲ. ಮೊದಲು ನೀವು ಕೇಳಿದ ಲೆಕ್ಕ ಹೇಳಿಬಿಡುತ್ತೇನೆ. ಆರನೇ ತಂತಿ, ಅಂದರೆ ದಪ್ಪ ದನಿಯದು, ಸುಮಾರು 2.5ರಿಂದ 3 ಮಿ.ಮೀ., ಮೊದಲನೇ ತಂತಿ ಅದಕ್ಕಿಂತ ಅರ್ಧ ಮಿ.ಮೀ. ಕಡಿಮೆ. ಕ್ಲಾಸಿಕಲ್‌ನಲ್ಲಿ ಇದು 4 ಮತ್ತು 3ರ ಆಸುಪಾಸು ಇರುತ್ತದೆ. ಡ್ಯಾನ್ಸಿಗೆ ಜೋರಾಗಿ ಬಾರಿಸುವವರು 3 ಕೇಳುತ್ತಾರೆ, ಪಿಕಾದೊ (ಎರಡು ಬೆರಳಿನಿಂದ ಒಂದಾದ ಮೇಲೊಂದು ಸ್ವರ ಮೀಟುವುದು) ವೇಗವಾಗಿ ಓಡಿಸುವವರು ಇನ್ನೂ ಇಳಿಸಿ ಅನ್ನುತ್ತಾರೆ, ಹಾಗಾಗಿ ಒಬ್ಬೊಬ್ಬರು ಒಂದೊಂದು ಹೇಳಿದ್ದರಲ್ಲಿ ತಪ್ಪೇನಿಲ್ಲ.

ಆದರೆ ನನ್ನ ಪ್ರಕಾರ ಇದಕ್ಕಿಂತ ಮುಖ್ಯವಾದ ಅಳತೆ ಬ್ರಿಡ್ಜ್ (ಸ್ಯಾಡಲ್ ಕೂರುವ ಮರದ ತುಂಡು) ಹತ್ತಿರ ಇದೆ. ಅಲ್ಲಿ ಟಾಪ್‌ನಿಂದ, ಅಂದರೆ ಗಿಟಾರಿನ ಮುಂಭಾಗದ ಹಲಗೆಯಿಂದ, ತಂತಿಗೆ ಎಷ್ಟು ಅಂತರ? ಕ್ಲಾಸಿಕಲ್‌ನಲ್ಲಿ 10–12 ಮಿ.ಮೀ. ಫ್ಲಮೆಂಕೊದಲ್ಲಿ 8ರ ಹತ್ತಿರ. ಫ್ಲಮೆಂಕೊದವರು ತಂತಿ ಮೀಟುತ್ತಲೇ ಉಂಗುರ ಬೆರಳಿನಿಂದ ಟಾಪ್ ಮೇಲೆ ಗೋಲ್ಪೆ ಎಂಬ ತಾಳದ ಪೆಟ್ಟು ಬಡಿಯುತ್ತಾರೆ, ಅದಕ್ಕೇ ಅಲ್ಲಿ ಗೋಲ್ಪೆಆದೋರ್ ಎಂಬ ತೆಳು ಹಾಳೆ ಅಂಟಿಸಿರುತ್ತಾರೆ. ತಂತಿ ಎತ್ತರ ಇದ್ದರೆ ಬೆರಳು ಅಷ್ಟು ದೂರ ಇಳಿದು ವಾಪಸ್ ಬರಬೇಕು. ಹೆಬ್ಬೆರಳಿನ ಪೆಟ್ಟಿಗೂ ಅದೇ ತೊಂದರೆ.

ಈಗ ಸ್ಯಾಡಲ್ ವಿಷಯ. 12ನೇ ಫ್ರೆಟ್ ತಂತಿಯ ನಟ್ಟನಡುವೆ ಬರುವುದರಿಂದ ಅಲ್ಲಿ 1 ಮಿ.ಮೀ. ಇಳಿಯಬೇಕೆಂದರೆ ಸ್ಯಾಡಲ್ 2 ಮಿ.ಮೀ. ಇಳಿಯಬೇಕು. ಕ್ಲಾಸಿಕಲ್ ಬ್ರಿಡ್ಜ್ ಮೇಲೆ ಅಷ್ಟು ಉಜ್ಜಿದರೆ ಸ್ಯಾಡಲ್ ಹೊರಗೆ ಕಾಣುವುದೇ ಕಷ್ಟ, ತಂತಿ ಅದರ ಮೇಲೆ ಬಾಗಿ ಒತ್ತಿ ಕೂರುವುದಿಲ್ಲ, ಸದ್ದು ಸೊರಗುತ್ತದೆ. ಅದಕ್ಕೇ ಈ ಎತ್ತರವನ್ನು ನೆಕ್ ಕೂರಿಸುವಾಗಲೇ ತೀರ್ಮಾನ ಮಾಡಬೇಕು. ಕ್ಲಾಸಿಕಲ್‌ಗೆ ಕೊಡುವಂತೆ ನೆಕ್ಕನ್ನು ಮುಂದಕ್ಕೆ ಬಾಗಿಸಬೇಡಿ, ಟಾಪ್ ಜೊತೆ ನೇರಕ್ಕೆ ಇಡಿ ಅಥವಾ ಕೂದಲೆಳೆಯಷ್ಟು ಹಿಂದಕ್ಕೆ. ಬ್ರಿಡ್ಜನ್ನೂ ತಗ್ಗಾಗಿಯೇ ಮಾಡಿ. ಫ್ರೆಟ್ ಹಾಕಿದ ಮೇಲೆ ಉದ್ದ ಸ್ಕೇಲನ್ನು ಫ್ರೆಟ್‌ಗಳ ಮೇಲಿಟ್ಟು ನೋಡಿ. ಬ್ರಿಡ್ಜ್ ಬರುವ ಜಾಗದಲ್ಲಿ ಸ್ಕೇಲಿನ ಅಡಿಗೂ ಟಾಪ್‌ಗೂ 2 ಮಿ.ಮೀ. ಚಿಲ್ಲರೆ ಸಂದು ಇದ್ದರೆ ನಿಶ್ಚಿಂತೆ: 12ನೇ ಫ್ರೆಟ್ ಮೇಲೆ ಸುಮಾರು 3, ಬ್ರಿಡ್ಜ್ ಹತ್ತಿರ 8, ಎರಡೂ ಒಟ್ಟಿಗೆ ಸಿಗುತ್ತವೆ. ತಂತಿ ಬಿಗಿದ ಮೇಲೆ ನೆಕ್ ಸ್ವಲ್ಪ ಎದ್ದೇ ಏಳುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ, ಸ್ಯಾಡಲನ್ನು ಮೊದಲ ದಿನವೇ ಉಜ್ಜಿ ಮುಗಿಸಬೇಡಿ.

ಪ್ರಶ್ನೆ: ನನ್ನ ಫ್ಲಮೆಂಕೊ ಗಿಟಾರ್‌ನಲ್ಲಿ ಆರನೇ ತಂತಿ 2.7 ಮಿ.ಮೀ. ಇದೆ. ಜೋರಾಗಿ ರಸ್ಗೆಆದೊ (ಬೆರಳುಗಳನ್ನು ಬಿಚ್ಚುತ್ತಾ ಎಲ್ಲ ತಂತಿಗಳ ಮೇಲೆ ಸವರುವುದು) ಹೊಡೆದರೆ ಜುಂಯ್ ಅನ್ನುತ್ತದೆ. ಟೀಚರ್ "ಇರಲಿ ಬಿಡಿ" ಅನ್ನುತ್ತಾರೆ. ರಿಪೇರಿಗೆ ಕೊಡಲೇ?

ಉತ್ತರ: ಟೀಚರ್ ಮಾತು ಕೇಳಿ. ಜೋರು ಪೆಟ್ಟಿಗೆ ತಂತಿ ಫ್ರೆಟ್‌ಗೆ ತಗುಲಿ ಸ್ವಲ್ಪ ಒರಟಾಗಿ ಕೇಳುವುದು ಈ ಸಂಗೀತದ ರುಚಿಯೇ. ಅದನ್ನು ಪೂರ್ತಿ ತೆಗೆದರೆ ಕ್ಲಾಸಿಕಲ್ ಗಿಟಾರ್ ಥರ ಕೇಳುತ್ತೆ. ಮೆಲ್ಲಗೆ ಮೀಟಿದಾಗಲೂ ಜುಂಯ್ ಅಂದರೆ ಮಾತ್ರ ದೋಷ. ಆಗ ಮೊದಲನೇ ಫ್ರೆಟ್‌ಗೆ ಕೇಪೋ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿ. ಬರೀ ತೆರೆದ, ಅಂದರೆ ಬೆರಳು ಒತ್ತದ, ತಂತಿಯಲ್ಲಿದ್ದ ಸದ್ದು ಹೋಯ್ತಾ? ಹಾಗಿದ್ದರೆ ನಟ್ (ನೆಕ್ಕಿನ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿ) ತಗ್ಗಾಗಿದೆ. ಒಂದೇ ಜಾಗದಲ್ಲಿ ಸದ್ದು ಬಂದರೆ ಅದರ ಮುಂದೆ, ಬ್ರಿಡ್ಜ್ ಕಡೆಗಿರುವ ಯಾವುದೋ ಒಂದು ಫ್ರೆಟ್ ಎದ್ದಿದೆ. ಎರಡೂ ಅಲ್ಲದಿದ್ದರೆ ಹಾರ್ಡ್ ಟೆನ್ಷನ್ ತಂತಿ ಹಾಕಿ ನೋಡಿ, ಅದು ಅಷ್ಟಾಗಿ ಅಲ್ಲಾಡುವುದಿಲ್ಲ. ಕೈಯನ್ನೂ ಗಮನಿಸಿ. ತಂತಿಯನ್ನು ಟಾಪ್ ಕಡೆಗೆ ಒತ್ತಿ ಹೊಡೆದರೆ ಸದ್ದು ಜಾಸ್ತಿ, ಅಡ್ಡಕ್ಕೆ ಸವರಿದಂತೆ ಹೊಡೆದರೆ ಕಡಿಮೆ.

ಪ್ರಶ್ನೆ: ಫ್ಲಮೆಂಕೊ ಗಿಟಾರ್‌ನ ಎರಡು ಬಗೆ, ಸೈಪ್ರಸ್ ಮರದ ಬ್ಲಾಂಕಾಗೂ ರೋಸ್‌ವುಡ್ ನೆಗ್ರಾಗೂ ಸೆಟಪ್ ಬೇರೆಯೇ?

ಉತ್ತರ: ಇಲ್ಲ. ಹಿಂಬದಿ, ಪಕ್ಕದ ಮರ ಬದಲಾದರೆ ದನಿ, ತೂಕ ಬದಲಾಗುತ್ತವೆ. ಮೇಲಿನ ಅಳತೆಗಳು ಎರಡಕ್ಕೂ ನಡೆಯುತ್ತವೆ. ಹುಷಾರು, ಕೆಲವರು ಕ್ಲಾಸಿಕಲ್ ಗಿಟಾರ್‌ಗೆ ಗೋಲ್ಪೆಆದೋರ್ ಅಂಟಿಸಿ ನೆಗ್ರಾ ಅಂತ ಮಾರುತ್ತಾರೆ. ಕೊಳ್ಳುವ ಮೊದಲು ಬ್ರಿಡ್ಜ್ ಹತ್ತಿರ ಅಳೆದು ನೋಡಿ, 11 ಮಿ.ಮೀ. ಬಂದರೆ ಸುಮ್ನೆ ವಾಪಸ್ ಇಟ್ಟು ಬನ್ನಿ.