ಕೊನೆ ಭಾಗದ ಸುದ್ದಿಗೆ ಪೆಟ್ರೋಲ್ ಹಾಕಿಸುವವರು ಯಾರು?

ಹರಿಹರದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ಜುಲೈ 1ರ ಪತ್ರಿಕಾ ದಿನಾಚರಣೆಯಲ್ಲಿ ಪತ್ರಕರ್ತರು ತಾವು ಸಮಾಜದ ಕಾವಲುಗಾರರು ಅಂತಾರೆ. ಮರುದಿನ ಪೇಪರ್ ಬಿಡಿಸಿದರೆ ಹಾರ, ಶಾಲು, ಗುದ್ದಲಿ ಪೂಜೆ. ಆದರ್ಶವೆಲ್ಲ ಬರೀ ಭಾಷಣವಾ?’

ಮೇಷ್ಟ್ರೇ, ನಿಮ್ಮ ಸಿಟ್ಟು ಸರಿ. ಸೋಮಾರಿಗಳು, ದುಡ್ಡಿನ ಕವರ್ ತಗೊಳ್ಳುವವರು ನಮ್ಮಲ್ಲೂ ಇದ್ದಾರೆ. ಅವರ ಪರ ನಾನು ವಕಾಲತ್ತು ಹಾಕುವುದಿಲ್ಲ. ಆದರೆ ಆದರ್ಶವೇ ಸುಳ್ಳು ಅನ್ನುವ ತೀರ್ಪು ಒಪ್ಪಲಾರೆ.

67 ದೇಶಗಳ 27,500ಕ್ಕೂ ಹೆಚ್ಚು ಪತ್ರಕರ್ತರನ್ನು ಅವರ ಕೆಲಸದ ಬಗ್ಗೆ ಕೇಳಿದ ಸಮೀಕ್ಷೆಯೊಂದಿದೆ. ಕೇಳಿದರೆ ಯಾರಾದರೂ ಒಳ್ಳೆಯದನ್ನೇ ಹೇಳುತ್ತಾರೆ, ಅಲ್ವಾ? ಚಿಲಿ ದೇಶದ ಸಂಶೋಧಕಿ ಕ್ಲಾಡಿಯಾ ಮೆಯಾಡೊ ಮತ್ತು ಜೊತೆಗಾರರು ಪತ್ರಕರ್ತರ ಮಾತನ್ನೂ ಅವರೇ ಬರೆದ ಸುದ್ದಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಅಧಿಕಾರದ ಮೇಲೆ ಕಣ್ಣಿಡುವ ವಿಷಯದಲ್ಲಿ ಮಾತು ಜಾಸ್ತಿ, ಸುದ್ದಿ ಕಡಿಮೆ. ಸಾಕ್ಷಿ ಸಿಕ್ಕಿತು ಅಂತ ಹಿಗ್ಗಬೇಡಿ. ಸುದ್ದಿ ಒಬ್ಬನ ಮನಸ್ಸಿನಿಂದ ಹುಟ್ಟುವುದಿಲ್ಲ, ಅವನು ದುಡಿಯುವ ಸಂಸ್ಥೆ, ಮಾಲೀಕ, ಆ ದೇಶದ ರಾಜಕೀಯ ಎಲ್ಲವೂ ಅದರಲ್ಲಿ ಕೈಯಾಡಿಸುತ್ತವೆ ಅನ್ನುವುದೂ ಇಂಥ ಅಧ್ಯಯನಗಳದ್ದೇ ಮಾತು.

ಭದ್ರಾ ನಾಲೆಯನ್ನೇ ನೋಡಿ. ಡ್ಯಾಂ ತುಂಬಿದರೆ 186 ಅಡಿ. ಇವತ್ತು ಎಷ್ಟಿದೆ ಅಂತ ಕಚೇರಿಯಲ್ಲಿ ಕೂತೇ ತಿಳಿಯಬಹುದು. ‘ನಾಲೆಗೆ ನೀರು ಬಿಡಲಾಗಿದೆ’ ಎಂಬ ಪ್ರೆಸ್ ನೋಟ್ ವಾಟ್ಸ್ಆ್ಯಪ್‌ನಲ್ಲೇ ಬರುತ್ತದೆ. ನಿಮ್ಮ ತಾಲ್ಲೂಕಿನಲ್ಲಿ ನಾಲೆಯ ಕೊನೆ ಭಾಗದ ಗದ್ದೆಗೆ ಆ ನೀರು ಮುಟ್ಟಿತಾ? ಅದನ್ನು ನೋಡಲು ಬೈಕ್ ಹತ್ತಬೇಕು. ತೂಬಿನ ಹತ್ತಿರ ನಿಲ್ಲಬೇಕು, ರೈತರ ಬೈಗುಳ ಕೇಳಬೇಕು, ಎಂಜಿನಿಯರ್ ಫೋನ್ ಎತ್ತುವ ತನಕ ಕಾಯಬೇಕು. ಅರ್ಧ ದಿನ ಹೋಯಿತು. ತಾಲ್ಲೂಕಿನ ಅರೆಕಾಲಿಕ ವರದಿಗಾರನಿಗೆ ಇದಕ್ಕೆ ಸಿಗುವುದು ಪುಡಿಗಾಸು. ಅದೇ ಅರ್ಧ ದಿನದಲ್ಲಿ ಎರಡು ಶುಭಾಶಯದ ಜಾಹೀರಾತು ತಂದರೆ ಕಮಿಷನ್. ನನಗೆ ಗೊತ್ತಿರುವ ಹುಡುಗನೊಬ್ಬ ಅಂಥದ್ದೊಂದು ವರದಿ ಕಳಿಸಿದ. ಡೆಸ್ಕ್‌ನಿಂದ ಬಂದ ಉತ್ತರ: ‘ದಸರಾ ಸಪ್ಲಿಮೆಂಟ್ ಜಾಹೀರಾತಿನ ಟಾರ್ಗೆಟ್ ಎಲ್ಲಿಗೆ ಬಂತು?’ ಅವನ ಆದರ್ಶದಲ್ಲಿ ಏನು ಕೊರತೆ ಇತ್ತು, ಹೇಳಿ.

ಮೇಲಿನವರ ಕಥೆ ಬೇರೆಯೇ. 2009ರ ಚುನಾವಣೆಯಲ್ಲಿ ಕಾಸಿಗೆ ಸುದ್ದಿ ಮಾರಿದವರ ಬಗ್ಗೆ ಪ್ರೆಸ್ ಕೌನ್ಸಿಲ್ ಉಪಸಮಿತಿಯೊಂದು ಹೆಸರು ಸಮೇತ ವರದಿ ಕೊಟ್ಟಿತು. ಕೌನ್ಸಿಲ್ 2010ರಲ್ಲಿ ಅದನ್ನು ಮೊಟಕು ಮಾಡಿ ಹೊರತಂದಿತು. ಪೂರ್ತಿ ವರದಿ ಬಯಲಾಗಲು 2011ರಲ್ಲಿ ಕೇಂದ್ರ ಮಾಹಿತಿ ಆಯೋಗವೇ ಆದೇಶ ಮಾಡಬೇಕಾಯಿತು. ಪತ್ರಿಕೆಗಳಿಗೆ ನೀತಿ ಹೇಳುವ ಸಂಸ್ಥೆಯ ಪಾಡೇ ಇದು. ಬೈಯುವಾಗ ಮಾತ್ರ ಎಲ್ಲರಿಗೂ ಬೈಕಿನ ಹುಡುಗನೇ ಸುಲಭ.

ಇನ್ನು ನೀವು. ಒಂದು ಚಹಾದ ದುಡ್ಡಿಗಿಂತ ಕಮ್ಮಿಗೆ ಪೇಪರ್ ಬೇಕು, ಬೆಲೆ ಒಂದು ರೂಪಾಯಿ ಏರಿದರೆ ಬಿಲ್ಲಿನವನ ಜೊತೆ ಜಗಳ. ಉಳಿದ ಖರ್ಚು ಜಾಹೀರಾತಿನವರು ಕೊಡುತ್ತಾರೆ, ಆಮೇಲೆ ಪುಟವೂ ಅವರದೇ. ಸುಮ್ನೆ ಹೇಳುತ್ತಿಲ್ಲ ಮೇಷ್ಟ್ರೇ. ನಿಮ್ಮ ಪತ್ರದ ಜೊತೆ ನಿಮ್ಮ ಸಂಘದ ಸನ್ಮಾನದ ಫೋಟೊ ಇದೆ. ‘ದಯವಿಟ್ಟು ಪ್ರಕಟಿಸಿ’ ಅಂತ ಅದರ ಹಿಂಬದಿಯಲ್ಲಿ ಬರೆದಿದ್ದೀರಿ. ಹಾಕಿಲ್ಲ.